ಅಗ್ನಿಭೂತ: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲದಲ್ಲಿ ಮಡಿಕೇರಿಯ ಕಡೆ ಕರೆಂಟ್ ಹೋದರೆ ಅದು ಯಾವಾಗ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಅಂಥ ಸಂಜೆಗಳಲ್ಲಿ ಮೇಣದಬತ್ತಿ ಹಚ್ಚಿಟ್ಟುಕೊಂಡು, ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ಆಡುವ ನಮ್ಮ ಗುಂಪಿಗೆ ಪ್ರತಿವರ್ಷ ಒಬ್ಬಿಬ್ಬರು ಹೊಸಬರು ಸೇರುತ್ತಾರೆ, ಮತ್ತು ಮೊದಲ ಸಲ ಅಗ್ನಿಭೂತ (ಪುಸ್ತಕದ ‘ಫೈರ್ ಎಲಿಮೆಂಟಲ್’) ಎದುರಾದಾಗ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಆಟ ನಡೆಸುವವನಾಗಿ, ಅಂದರೆ ಡಿಎಂ ಆಗಿ, ನಾನು ಹೇಳುತ್ತ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅಂಕಿಗಳು 2014ರ ಐದನೆಯ ಆವೃತ್ತಿಯವು. ಆ ನಿಯಮಗಳ ಮುಖ್ಯ ಭಾಗವನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಿರುವುದರಿಂದ ಪುಸ್ತಕ ಕೊಳ್ಳದವರೂ ಇವನ್ನು ತಾಳೆ ನೋಡಿಕೊಳ್ಳಬಹುದು.

ಅಗ್ನಿಭೂತ ಎಂದರೆ ನಿಖರವಾಗಿ ಏನು?

ಅದು ಉರಿಯುತ್ತಿರುವ ಪ್ರಾಣಿಯಲ್ಲ, ಉರಿಯೇ ಪ್ರಾಣಿಯಾಗಿ ನಿಂತದ್ದು. ಆಟದ ಜಗತ್ತಿನಲ್ಲಿ ಗಾಳಿ, ಮಣ್ಣು, ನೀರು, ಬೆಂಕಿಗಳಿಗೆ ಒಂದೊಂದು ಪ್ರತ್ಯೇಕ ಲೋಕವಿದೆ. ತನ್ನ ಲೋಕದಲ್ಲಿ ಅಗ್ನಿಭೂತಕ್ಕೆ ದೇಹವಿಲ್ಲ, ಅದು ಬರಿಯ ಚೈತನ್ಯ. ಯಾರಾದರೂ ಮಂತ್ರಬಲದಿಂದ ನಮ್ಮ ಲೋಕಕ್ಕೆ ಎಳೆದು ತಂದಾಗ ಅದು ಜ್ವಾಲೆಯ ಮೈ ತಾಳುತ್ತದೆ, ಆ ಜ್ವಾಲೆಯ ನಡುವೆ ಮನುಷ್ಯಾಕಾರದ ಮಸುಕು ನೆರಳೊಂದು ಕಂಡೂ ಕಾಣದಂತೆ ಇರುತ್ತದೆ. ನಿಯಮಪುಸ್ತಕ ಅದನ್ನು ಒಳ್ಳೆಯದೆಂದೂ ಕೆಟ್ಟದ್ದೆಂದೂ ಹೇಳದೆ ತಟಸ್ಥ ಜೀವಿಗಳ ಸಾಲಿನಲ್ಲಿ ಇಟ್ಟಿದೆ. ಸುಡುವುದು ಅದರ ದ್ವೇಷವಲ್ಲ, ಸ್ವಭಾವ. ಆದರೆ ತನ್ನ ಲೋಕದಿಂದ ಬಲವಂತವಾಗಿ ಕಿತ್ತು ತಂದವರ ಮೇಲೆ ಅದಕ್ಕೆ ಅಸಮಾಧಾನವಂತೂ ಇದ್ದೇ ಇರುತ್ತದೆ.

ಈ ಜೀವಿ ಹೊಸದೇನಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಮೂಲ ಆಟ 1974ರಲ್ಲಿ ಹೊರಬಂದಾಗಲೇ ನಾಲ್ಕು ಭೂತಗಳೂ ಅದರಲ್ಲಿದ್ದವು. ಮುಂದಿನ ಆವೃತ್ತಿಯಲ್ಲಿ ಕರೆಯುವ ಸಾಧನಕ್ಕೆ ತಕ್ಕಂತೆ ಅದರ ಬಲ ಬದಲಾಗುತ್ತಿತ್ತು: ಮಂತ್ರದಂಡದಿಂದ ಬಂದದ್ದಕ್ಕೆ 8 ದಾಳಗಳ ಪ್ರಾಣಶಕ್ತಿ, ಅಗ್ಗಿಷ್ಟಿಕೆಯಂಥ ಪಾತ್ರೆಯಿಂದ ಬಂದದ್ದಕ್ಕೆ 12, ಮಂತ್ರ ಪಠಿಸಿ ಕರೆದದ್ದಕ್ಕೆ 16. ಐದನೆಯ ಆವೃತ್ತಿ ಈ ಮೂರನ್ನೂ ಒಂದೇ ಅಳತೆಗೆ ತಂದದ್ದು ಸರಳತೆಗೆ ಒಳ್ಳೆಯದಾಯಿತು, ಆದರೆ ಹಳೆಯ ಪದ್ಧತಿಯಲ್ಲಿದ್ದ ಆ ವ್ಯತ್ಯಾಸ ನನಗೆ ಇಂದಿಗೂ ಇಷ್ಟ.

ಅದನ್ನು ‘ಭೂತ’ ಎಂದೇ ಏಕೆ ಕರೆಯುತ್ತೀರಿ? ಹೆಸರು ಕೇಳಿ ಮನೆಯವರು ಗಾಬರಿಯಾಗುತ್ತಾರೆ.

ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪದ ಸಿಗುವುದು ಕಷ್ಟ. ‘ಪಂಚಭೂತ’ ಎನ್ನುವಾಗ ಭೂತವೆಂದರೆ ಮೂಲಧಾತು, ‘ಭೂತ ಹಿಡಿದಿದೆ’ ಎನ್ನುವಾಗ ಅದೃಶ್ಯ ಚೇತನ. ಈ ಜೀವಿ ಎರಡೂ ಹೌದು. ಒಂದೇ ಮಾತಿನಲ್ಲಿ ಎರಡನ್ನೂ ಹೇಳುವ ಅನುಕೂಲ ಕನ್ನಡಕ್ಕೆ ತಾನಾಗಿಯೇ ಒದಗಿ ಬಂದಿದೆ. ಗಾಬರಿಯ ವಿಷಯ ನಿಜ. ಒಬ್ಬ ಆಟಗಾರನ ಅಜ್ಜಿ ಪಕ್ಕದ ಕೋಣೆಯಿಂದ ‘ಭೂತವನ್ನು ಕರೆದದ್ದು ಯಾರು’ ಎಂಬ ಮಾತು ಕೇಳಿಸಿಕೊಂಡು ದೇವರ ದೀಪ ಹಚ್ಚಿ ಬಂದು ಬಾಗಿಲಲ್ಲಿ ನಿಂತಿದ್ದರು. ದಾಳಗಳನ್ನು ತೋರಿಸಿದ ಮೇಲೆ, ಜೂಜೇನೋ ಎಂಬ ಹೊಸ ಅನುಮಾನದೊಂದಿಗೆ ಒಳಗೆ ಹೋದರು.

ನಮ್ಮ ಕಡೆಯ ಕೊಳ್ಳಿದೆವ್ವವೂ ಇದೂ ಒಂದೇ ಅಲ್ಲವೇ?

ಅಲ್ಲ. ಗದ್ದೆಯ ಬದುವಿನ ಮೇಲೆ ರಾತ್ರಿ ಅಲೆದಾಡಿ ದಾರಿಹೋಕರ ದಿಕ್ಕು ತಪ್ಪಿಸುವ ಬೆಳಕೇ ಕೊಳ್ಳಿದೆವ್ವ. ಅದಕ್ಕೆ ಸಮನಾದ ಜೀವಿ ಆಟದಲ್ಲಿ ಬೇರೆಯೇ ಇದೆ, ಅದರ ಹೆಸರು ‘ವಿಲ್-ಓ-ವಿಸ್ಪ್’. ಅದು ಅಂಗೈಯಗಲದ ಜೀವಿ, ಸತ್ತವರ ಸಾಲಿಗೆ ಸೇರಿದ್ದು, ಅದರ ಹೊಡೆತ ಬೆಂಕಿಯದಲ್ಲ, ಮಿಂಚಿನದು. ಕೊಳ್ಳಿದೆವ್ವ ಮೋಸ ಮಾಡುತ್ತದೆ. ಅಗ್ನಿಭೂತಕ್ಕೆ ಮೋಸ ಗೊತ್ತೇ ಇಲ್ಲ: ಅದರ ಮೈ 30 ಅಡಿ ದೂರಕ್ಕೆ ಪ್ರಖರವಾದ ಬೆಳಕನ್ನೂ ಅದರಾಚೆ ಇನ್ನೂ 30 ಅಡಿಗೆ ಮಂದ ಬೆಳಕನ್ನೂ ಚೆಲ್ಲುವುದರಿಂದ ಅದು ಹೊಂಚು ಹಾಕಿ ಕೂರಲಾರದು. ಮಂಜು ಕವಿದ ಕಣಿವೆಯಲ್ಲಿ ಆಚೆ ಬದಿಯ ಕೆಂಪು ಹೊಳಪೊಂದು ನಿಧಾನವಾಗಿ ಹತ್ತಿರವಾಗುತ್ತಿರುವುದನ್ನು ವರ್ಣಿಸಿ ನೋಡಿ, ಹೊಂಚಿಲ್ಲದೆಯೂ ಆಟಗಾರರು ಅಂಜುತ್ತಾರೆ.

ಹಾಗಾದರೆ ಅದು ಅಗ್ನಿದೇವನೇ? ಒತ್ತೆಕೋಲದಂಥ ಆಚರಣೆಯನ್ನು ಕಥೆಗೆ ತರಬಹುದೇ?

ಎರಡಕ್ಕೂ ನನ್ನ ಉತ್ತರ ಇಲ್ಲ ಎಂದೇ. ಅಗ್ನಿ ಹವಿಸ್ಸನ್ನು ದೇವತೆಗಳಿಗೆ ಒಯ್ಯುವ ದೇವತೆ, ಋಗ್ವೇದದ ಮೊದಲ ಸೂಕ್ತವೇ ಅವನನ್ನು ಕುರಿತದ್ದು. ಆಟದ ಅಗ್ನಿಭೂತ ಬುದ್ಧಿಯಲ್ಲಿ ಮಂದವಾದ, ಅಪ್ಪಣೆಗೆ ಒಳಪಡುವ ಒಂದು ಶಕ್ತಿ. ಸುಳ್ಯ, ಸಂಪಾಜೆಯ ಕಡೆ ಒತ್ತೆಕೋಲದಲ್ಲಿ ವಿಷ್ಣುಮೂರ್ತಿ ದೈವ ಕೆಂಡದ ರಾಶಿಗೆ ಬೀಳುವುದನ್ನು ಕಂಡು ಬೆಳೆದವರು ನಮ್ಮ ಮೇಜಿನ ಸುತ್ತಲೂ ಇದ್ದಾರೆ, ಅವರ ನಂಬಿಕೆಯನ್ನು 102 ಪ್ರಾಣಾಂಕದ, ಅಂದರೆ ಅಷ್ಟು ಅಂಕದ ಪೆಟ್ಟಿಗೆ ಸಾಯುವ, ಎದುರಾಳಿಯಾಗಿ ಮಾಡುವ ಮನಸ್ಸು ನನಗಿಲ್ಲ. ಐನ್‌ಮನೆಯ, ಅಂದರೆ ಕೊಡವರ ಮೂಲಮನೆಯ, ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯ ದೀಪದಿಂದ ಭೂತ ಹೊರಬಂತು ಎಂಬ ಕಥೆಯನ್ನು ಒಬ್ಬರು ಸೂಚಿಸಿದ್ದರು, ಅದನ್ನೂ ಒಪ್ಪಲಿಲ್ಲ. ಬೆಂಕಿಗೆ ಒಲೆಗಳು ಬೇಕಾದಷ್ಟಿವೆ.

ಪುರಾಣದಿಂದ ಕಲಿಯಬಾರದೆಂದು ಇದರ ಅರ್ಥವಲ್ಲ. ಖಾಂಡವದಹನದ ಕಥೆಯನ್ನೇ ನೋಡಿ: ಹಸಿದ ಅಗ್ನಿ ಕಾಡನ್ನು ನುಂಗುತ್ತಾನೆ, ಅದನ್ನು ಉಳಿಸಲು ಇಂದ್ರ ಮಳೆಗರೆಯುತ್ತಾನೆ, ಅರ್ಜುನ ಬಾಣಗಳ ಚಪ್ಪರ ಕಟ್ಟಿ ಆ ಮಳೆ ನೆಲಕ್ಕೆ ಬೀಳದಂತೆ ತಡೆಯುತ್ತಾನೆ, ಕೊನೆಗೆ ಮಯನೂ ಅಶ್ವಸೇನನೂ ನಾಲ್ಕು ಹಕ್ಕಿಮರಿಗಳೂ ಮಾತ್ರ ಬದುಕಿ ಉಳಿಯುತ್ತವೆ. ಬೆಂಕಿ, ನೀರು, ನಡುವೆ ಸಿಕ್ಕ ಜೀವಿಗಳು, ಎರಡೂ ಕಡೆ ಪಕ್ಷ ವಹಿಸಿದವರು. ಒಂದು ಒಳ್ಳೆಯ ಸನ್ನಿವೇಶಕ್ಕೆ ಬೇಕಾದ ಎಲ್ಲವೂ ಅಲ್ಲಿದೆ, ದೇವರನ್ನು ಹೊರಗಿಟ್ಟು ಈ ಜೋಡಣೆಯನ್ನು ಮಾತ್ರ ತೆಗೆದುಕೊಳ್ಳಿ.

ನಮ್ಮಲ್ಲಿ ಭೂತಗಳು ಐದು, ಆಟದಲ್ಲಿ ನಾಲ್ಕೇ ಏಕೆ?

ಆಟದ ಲೆಕ್ಕ ಗ್ರೀಕರದು. ಕ್ರಿಸ್ತಪೂರ್ವ ಐದನೆಯ ಶತಮಾನದ ಎಂಪೆಡೊಕ್ಲಿಸ್ ಹೇಳಿದ ನಾಲ್ಕು ಮೂಲಗಳು ಯುರೋಪಿನ ರಸವಿದ್ಯೆಗೆ ಬಂದವು. ಹದಿನಾರನೆಯ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಆ ನಾಲ್ಕಕ್ಕೂ ಒಂದೊಂದು ಬಗೆಯ ಜೀವಿಗಳು ವಾಸಿಗಳೆಂದು ಬರೆದ, ಬೆಂಕಿಯಲ್ಲಿ ಬಾಳುವವಕ್ಕೆ ಸಾಲಮಾಂಡರ್ ಎಂಬ ಹೆಸರು ಬಂತು. ಆಟಕ್ಕೆ ಈ ಕಲ್ಪನೆ ಬಂದದ್ದು ಆ ದಾರಿಯಿಂದ. ಆಕಾಶಭೂತವನ್ನು ನೀವೇ ರೂಪಿಸಿಕೊಳ್ಳಬಹುದು, ಆದರೆ ಶಬ್ದವನ್ನೇ ಗುಣವಾಗಿ ಉಳ್ಳ ಜೀವಿಗೆ ಎಷ್ಟು ಪ್ರಾಣಾಂಕ ಕೊಡಬೇಕೆಂದು ನನ್ನನ್ನು ಕೇಳಬೇಡಿ.

ಅದರ ಬಲಾಬಲ ಏನು?

ಪ್ರಾಣಾಂಕ, ಅಂದರೆ ನಾವು ಹೆಚ್‌ಪಿ ಎನ್ನುವುದು, ಸರಾಸರಿ 102. ರಕ್ಷಣಾಂಕ, ಅಂದರೆ ಪೆಟ್ಟು ತಾಗಲು ದಾಳದಲ್ಲಿ ಮುಟ್ಟಬೇಕಾದ ಅಂಕ, 13. ನಡಿಗೆ ಒಂದು ಸರದಿಗೆ 50 ಅಡಿ. ಸಾಧಾರಣ ಮನುಷ್ಯಪಾತ್ರ 30 ಅಡಿ ನಡೆಯುವುದರಿಂದ ಬಯಲಿನಲ್ಲಿ ಓಡಿ ತಪ್ಪಿಸಿಕೊಳ್ಳುವ ಆಸೆ ಬೇಡ. ಸವಾಲಿನ ಮಟ್ಟ 5, ಅಂದರೆ ಅನುಭವ ಗಳಿಸುತ್ತ ಐದನೆಯ ಹಂತಕ್ಕೆ ಏರಿದ ನಾಲ್ವರು ಬಳಲಿದರೂ ಸಾಯದೆ ಗೆಲ್ಲಬಹುದಾದ ಎದುರಾಳಿ. ಬೆಂಕಿಯೂ ವಿಷವೂ ಅದಕ್ಕೆ ತಾಗುವುದಿಲ್ಲ, ಮಂತ್ರವಿಲ್ಲದ ಆಯುಧದ ಪೆಟ್ಟು ಅರ್ಧ ಮಾತ್ರ ನಾಟುತ್ತದೆ. ಹಗ್ಗದಿಂದ ಕಟ್ಟುವುದು, ಹಿಡಿದು ನಿಲ್ಲಿಸುವುದು, ಕೆಡವುವುದು, ನಿದ್ದೆ ಬರಿಸುವುದು, ಕಲ್ಲಾಗಿಸುವುದು ಯಾವುದೂ ನಡೆಯದು. ಬೆಂಕಿಯನ್ನು ಯಾರು ಕಟ್ಟಿ ಹಾಕಿದ್ದಾರೆ?

ಒಂದು ಅಂಗುಲ ಸಂದಿಯಿದ್ದರೆ ಸಾಕು, ಮೈ ಹಿಂಡಿಕೊಳ್ಳದೆಯೇ ಅದು ಒಳಗೆ ಬರುತ್ತದೆ. ಹೆಂಚಿನ ಮಾಡಿನ ಮನೆಯೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಳ್ಳುವ ತಂಡಗಳಿಗೆ ಈ ಮಾತನ್ನು ಮೊದಲೇ ಹೇಳುವುದು ನ್ಯಾಯ. ನಾನು ಹೇಳುವುದಿಲ್ಲ.

ನಾನು ಕತ್ತಿಯಿಂದ ಹೊಡೆದರೆ ನನಗೇ ಗಾಯವಾಗುತ್ತದೆ. ಇದು ಯಾವ ನ್ಯಾಯ?

ಐದು ಅಡಿಯೊಳಗೆ ನಿಂತು ಅದನ್ನು ಹೊಡೆದವರಿಗೂ, ಮುಟ್ಟಿದವರಿಗೂ ಹತ್ತು ಮುಖದ ಒಂದು ದಾಳದಷ್ಟು ಸುಟ್ಟ ಗಾಯ, ಸರಾಸರಿ 5. ಒಲೆಯೊಳಗೆ ಕೈ ಹಾಕಿದರೆ ಒಲೆಗೆ ಎಷ್ಟು ನೋವಾಯಿತೆಂದು ಲೆಕ್ಕ ಹಾಕುವ ಮೊದಲು ಕೈ ನೋಡಿಕೊಳ್ಳಬೇಕು. ಎರಡು ಮೂರು ಪೆಟ್ಟು ಹೊಡೆಯುವ ಯೋಧನಿಗೆ ಪ್ರತಿ ಪೆಟ್ಟಿಗೂ ಇದು ಅನ್ವಯಿಸುತ್ತದೆ. ಬಿಲ್ಲು, ಈಟಿ ಎಸೆತ, ದೂರದ ಮಂತ್ರ ಇವೇ ಸರಿಯಾದ ದಾರಿ, ಅಥವಾ ಹತ್ತು ಅಡಿ ದೂರದಿಂದ ಎಟುಕುವ ಉದ್ದನೆಯ ಆಯುಧ.

ಅದು ನಿಂತು ಕಾದಾಡದೆ ನಮ್ಮ ನಡುವೆ ಓಡಾಡಿದ್ದೇಕೆ? ಡಿಎಂ ತಪ್ಪು ಆಡಿಸಿದರೇ?

ಇಲ್ಲ, ಸರಿಯಾಗಿ ಆಡಿಸಿದ್ದಾರೆ. ಹೊಸ ಡಿಎಂಗಳು ಹೆಚ್ಚಾಗಿ ಎಡವುವುದೂ ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಗ್ನಿಭೂತ ಒಂದು ಸರದಿಯಲ್ಲಿ ಎರಡು ಬಾರಿ ಮುಟ್ಟಬಲ್ಲದು, ಪ್ರತಿ ಸ್ಪರ್ಶಕ್ಕೆ ಸರಾಸರಿ 10 ಅಂಕದ ಗಾಯ. ಕಾಗದದ ಮೇಲೆ ಇದೇ ಅದರ ಮುಖ್ಯ ದಾಳಿಯಂತೆ ಕಾಣುತ್ತದೆ. ಆದರೆ ಅದು ಎದುರಾಳಿ ನಿಂತ ಜಾಗದೊಳಕ್ಕೇ ನುಗ್ಗಬಲ್ಲದು, ಅಲ್ಲಿ ನಿಲ್ಲಲೂ ಬಲ್ಲದು. ಹಾಗೆ ಒಂದು ಸರದಿಯಲ್ಲಿ ಮೊದಲ ಸಲ ನುಗ್ಗಿದ ಕೂಡಲೇ, ದಾಳ ಉರುಳಿಸಿ ಗುರಿ ನೋಡುವ ಅಗತ್ಯವೇ ಇಲ್ಲದೆ, ಆ ವ್ಯಕ್ತಿಗೆ ಸರಾಸರಿ 5 ಅಂಕದ ಗಾಯವಾಗಿ ಮೈಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಇನ್ನೊಬ್ಬರ ಜಾಗದ ಮೂಲಕ ಹಾದುಹೋಗಲು ಎರಡು ಪಟ್ಟು ನಡಿಗೆ ಖರ್ಚಾಗುತ್ತದೆಯಾದರೂ 50 ಅಡಿಯ ನಡಿಗೆಯಲ್ಲಿ ಒತ್ತಾಗಿ ನಿಂತ ಮೂವರು ನಾಲ್ವರ ಮೂಲಕ ಅದು ಸರಾಗವಾಗಿ ಹಾದುಹೋಗುತ್ತದೆ. ಹಾದುಹೋಗುವಾಗ ಹಿಂದಿನಿಂದ ಹೊಡೆದವರು ಮತ್ತೆ ಸುಟ್ಟುಕೊಳ್ಳುತ್ತಾರೆ.

ಹೊತ್ತಿಕೊಂಡವರು ಪ್ರತಿ ಸರದಿಯ ಆರಂಭದಲ್ಲಿ ಇನ್ನೂ ಸರಾಸರಿ 5 ಅಂಕ ಕಳೆದುಕೊಳ್ಳುತ್ತಾರೆ, ಯಾರಾದರೂ ಒಬ್ಬರು ತಮ್ಮ ಕ್ರಿಯೆಯನ್ನು, ಅಂದರೆ ಆ ಸರದಿಯ ಮುಖ್ಯ ಕೆಲಸವನ್ನು, ಖರ್ಚು ಮಾಡಿ ಆ ಬೆಂಕಿ ನಂದಿಸುವವರೆಗೂ ಇದು ನಿಲ್ಲದು. ಅಂದರೆ ಮೂವರಿಗೆ ಹತ್ತಿಕೊಂಡರೆ, ತಂಡ ಒಂದೋ ಮೂರು ಕ್ರಿಯೆಗಳನ್ನು ಬೆಂಕಿ ಆರಿಸುವುದರಲ್ಲಿ ಕಳೆಯಬೇಕು, ಇಲ್ಲವೇ ಉರಿಯುತ್ತಲೇ ಕಾದಾಡಬೇಕು. ಅಗ್ನಿಭೂತ ಕೊಲ್ಲುವುದು ಗಾಯದಿಂದಲ್ಲ, ನಿಮ್ಮ ಸರದಿಗಳನ್ನು ತಿಂದು. ಹಾಗಾಗಿ ಚೆದುರಿ ನಿಲ್ಲುವುದೇ ಮೊದಲ ರಕ್ಷಣೆ.

ಅದನ್ನು ನೀರು ಹೊಯ್ದು ಕೊಲ್ಲಬಹುದೇ? ಎಷ್ಟು ನೀರು ಬೇಕು?

ಕೊಡಗಿನಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ನಿಯಮ ಹೇಳುವುದು ಇಷ್ಟು: ಮೈಮೇಲೆ ಎರಚಿದ ಪ್ರತಿ ಗ್ಯಾಲನ್ ನೀರಿಗೆ ಅದಕ್ಕೆ 1 ಅಂಕ ನಷ್ಟ, ಮತ್ತು ಆ ನಷ್ಟ ಶೀತದ ಬಗೆಯದು. ಅಮೆರಿಕದ ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. 102 ಅಂಕಕ್ಕೆ 102 ಗ್ಯಾಲನ್, ಅಂದರೆ ಸುಮಾರು 386 ಲೀಟರ್. 15 ಲೀಟರಿನ ಕೊಡದಲ್ಲಿ ನಾಲ್ಕು ಗ್ಯಾಲನ್‌ಗೆ ಕೂದಲೆಳೆಯಷ್ಟು ಕಡಿಮೆ ಇರುವುದರಿಂದ, ಪೂರ್ತಿ ಗ್ಯಾಲನ್‌ಗಳನ್ನು ಮಾತ್ರ ಎಣಿಸುವ ಜಿಪುಣ ಡಿಎಂ ಕೊಡವೊಂದಕ್ಕೆ 3 ಅಂಕ ಕೊಡುತ್ತಾನೆ, ಆಗ 34 ಕೊಡ ಬೇಕು. ನಾನು ಉದಾರಿ, 4 ಕೊಡುತ್ತೇನೆ, 26 ಕೊಡ ಸಾಕು. ಹೇಗೆ ಎಣಿಸಿದರೂ ಬಾವಿಯಿಂದ ಅಂಗಳದವರೆಗೆ ಊರವರ ಸಾಲು ನಿಲ್ಲಿಸಿ ಕೊಡ ದಾಟಿಸುವ ದೃಶ್ಯ ಒಂದು ತಾಸಿನ ಆಟಕ್ಕೆ ಸಾಕಾಗುತ್ತದೆ, ಆಯುಧ ಹಿಡಿಯದ ಪಾತ್ರಗಳಿಗೂ ಅಲ್ಲಿ ಕೆಲಸವಿರುತ್ತದೆ.

ಇನ್ನು ಅಡ್ಡದಾರಿಗಳು. ತುಂಬಿದ 500 ಲೀಟರ್ ಹಂಡೆಯನ್ನು ಅಟ್ಟದಿಂದ ಅದರ ಮೇಲೆ ಕವುಚಿದರೆ, ನೀರೆಲ್ಲ ಅದರ ಮೇಲೇ ಬಿದ್ದ ಪಕ್ಷದಲ್ಲಿ, ಒಂದೇ ಏಟಿಗೆ ಮುಗಿಯುತ್ತದೆ. ಕವುಚುವ ಹೊತ್ತಿಗೆ ಅದು ಕೆಳಗೆ ನಿಂತಿರುವಂತೆ ಮಾಡುವುದರಲ್ಲೇ ಎಲ್ಲ ಸಾಹಸವಿದೆ. ‘ಡಿಕ್ಯಾಂಟರ್ ಆಫ್ ಎಂಡ್‌ಲೆಸ್ ವಾಟರ್’ ಎಂಬ, ನೀರು ಎಂದೂ ಬತ್ತಿಹೋಗದ ಹೂಜಿಯೊಂದು ಆಟದಲ್ಲಿದೆ. ಅದರ ಅತ್ಯಂತ ಜೋರಿನ ಧಾರೆ ಒಂದು ಸಲಕ್ಕೆ 30 ಗ್ಯಾಲನ್ ಚಿಮ್ಮಿಸುವುದರಿಂದ ನಾಲ್ಕು ಸರದಿಗಳಲ್ಲಿ ಅಗ್ನಿಭೂತ ಹೊಗೆಯಾಗುತ್ತದೆ. ಹಳೆಯ ಆಟಗಾರರಿಗೆ ಈ ಉಪಾಯ ಬಾಯಿಪಾಠ. ಅಪರೂಪವೂ ಅಲ್ಲದ ಆ ಹೂಜಿಯನ್ನು ತಂಡದ ಕೈಗೆ ಕೊಟ್ಟ ಡಿಎಂ ಮುಂದೆ ಅಗ್ನಿಭೂತ ತಂದು ದೂರಬಾರದು. ಆದರೂ ಧಾರೆಯ ಅಗಲ ಒಂದೇ ಅಡಿ, ಉದ್ದ 30 ಅಡಿ. ಭೂತಕ್ಕೆ ಕಾಲಿದೆ, ನೋವೂ ಆಗುತ್ತದೆ, ಅದು ಹೂಜಿ ಹಿಡಿದವನ ಕಡೆಗೇ ನುಗ್ಗುತ್ತದೆ.

ಕಾಫಿ ತೋಟದ ಸ್ಪ್ರಿಂಕ್ಲರ್ ಬಗ್ಗೆಯೂ ಕೇಳುತ್ತಾರೆ. ನಮ್ಮ ಕಥೆಯ ಕಾಲದಲ್ಲಿ ಡೀಸೆಲ್ ಪಂಪ್ ಇಲ್ಲ.

ಹಾಗಾದರೆ ಮುಂಗಾರಿನಲ್ಲಿ ಅಗ್ನಿಭೂತ ತಾನಾಗಿಯೇ ಸಾಯುವುದಿಲ್ಲವೇ?

ನಿಯಮದಲ್ಲಿ ಮಳೆಯ ಮಾತಿಲ್ಲ. ಹೀಗಾಗಿ ನಾನೊಂದು ಲೆಕ್ಕ ಹಾಕಿಟ್ಟಿದ್ದೇನೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಅಗ್ನಿಭೂತ ಆವರಿಸುವ ಜಾಗ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಅಂದರೆ ಸುಮಾರು 9.3 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಗಂಟೆಗೆ 25 ಮಿಲಿಮೀಟರ್ ಸುರಿಯುವ ಬಿರುಸಾದ ಮಳೆಯಲ್ಲಿ ಅದರ ಮೇಲೆ ಬೀಳುವುದು ಗಂಟೆಗೆ 232 ಲೀಟರ್, ಸರಿಸುಮಾರು 61 ಗ್ಯಾಲನ್. ಕಾಳಗದ ಒಂದು ಸುತ್ತು ಆರು ಸೆಕೆಂಡಿನದು, ಒಂದು ನಿಮಿಷಕ್ಕೆ ಹತ್ತು ಸುತ್ತು. ಹಾಗಾಗಿ ಅಂಥ ಮಳೆ ಹತ್ತು ಸುತ್ತಿಗೆ ಒಂದೇ ಅಂಕ ಕಳೆಯುತ್ತದೆ. ನಾಲ್ಕೈದು ಸುತ್ತಿನಲ್ಲಿ ಮುಗಿಯುವ ಕಾಳಗದಲ್ಲಿ ಆಷಾಢದ ಮಳೆಯಿಂದಲೂ ನಿಮಗೆ ಲಾಭವಿಲ್ಲ. ಮೋಡವೇ ಒಡೆದು ಗಂಟೆಗೆ 100 ಮಿಲಿಮೀಟರ್ ಸುರಿದರೂ ಪೂರ್ಣ ಬಲದ ಭೂತ ಆರಲು 25 ನಿಮಿಷ ಬೇಕು.

ಈ ಲೆಕ್ಕ ಹಾಕುವವರೆಗೆ ನಾನೂ ಮಳೆಗಾಲದಲ್ಲಿ ಅಗ್ನಿಭೂತವನ್ನು ತರುತ್ತಿರಲಿಲ್ಲ. ಈಗ ತರುತ್ತೇನೆ. ಹುಯ್ಯುವ ಮಳೆಯಲ್ಲಿ ಸುತ್ತಲೂ ಆವಿ ಎಬ್ಬಿಸುತ್ತ, ಬುಸುಗುಡುತ್ತ, ಸಿಟ್ಟಿನಿಂದ ನಡೆದುಬರುವ ಬೆಂಕಿ ಬೇಸಗೆಯ ಬೆಂಕಿಗಿಂತ ಹೆಚ್ಚು ಭೀಕರವಾಗಿ ತೋರುತ್ತದೆ.

ಹೊಳೆ ದಾಟುತ್ತದೆಯೇ?

ದಾಟಬಲ್ಲದು, ಬೆಲೆ ತೆತ್ತು. ನೀರಿನಲ್ಲಿ ನಡೆದ ಪ್ರತಿ ಐದು ಅಡಿಗೆ 1 ಅಂಕ ನಷ್ಟ. ನೂರು ಅಡಿ ಅಗಲದ ಹೊಳೆಗೆ 20. ಜುಲೈನಲ್ಲಿ ದಡ ತುಂಬಿ ಹರಿಯುವ ಕಾವೇರಿ ಅದಕ್ಕೆ ಕೋಟೆಗೋಡೆಯಂತೆ. ಮಾರ್ಚ್‌ನಲ್ಲಿ ಅದೇ ಹೊಳೆಯ ಬಂಡೆಗಳ ಮೇಲೆ ಹಾರಿ ಹಾರಿ ಮೈ ನೆನೆಯದೆ ದಾಟೀತು. ಭೂಪಟದಲ್ಲಿ ಹೊಳೆ ಬರೆಯುವಾಗ ಯಾವ ತಿಂಗಳೆಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ.

ಗಾಳಿಯಾಡದ ಕೋಣೆಯಲ್ಲಿ ಮುಚ್ಚಿಟ್ಟರೆ ಆರುತ್ತದೆಯೇ?

ಆರುವುದಿಲ್ಲ. ಭೂತಗಳಿಗೆ ಗಾಳಿ, ಆಹಾರ, ನೀರು, ನಿದ್ರೆ ಯಾವುದೂ ಬೇಡವೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ವಿಜ್ಞಾನ ಓದಿದ ಆಟಗಾರರು ಇಲ್ಲಿ ವಾದಕ್ಕೆ ನಿಲ್ಲುತ್ತಾರೆ, ನಿಲ್ಲಲಿ.

ಅಗ್ನಿಭೂತವನ್ನು ನಾವೇ ಕರೆಯುವುದು ಹೇಗೆ?

ಎರಡು ದಾರಿ. ಒಂದು, ‘ಕಂಜ್ಯೂರ್ ಎಲಿಮೆಂಟಲ್’ ಎಂಬ ಐದನೆಯ ಮಟ್ಟದ ಮಂತ್ರ. ಒಂಬತ್ತನೆಯ ಹಂತ ತಲುಪಿದ ಮಾಂತ್ರಿಕರಿಗೂ, ಪ್ರಕೃತಿಯಿಂದ ಮಂತ್ರಬಲ ಪಡೆಯುವ ಡ್ರೂಯಿಡ್‌ಗಳಿಗೂ ಇದು ದಕ್ಕುತ್ತದೆ. ಪಠಿಸಲು ಒಂದು ನಿಮಿಷ ಬೇಕು, ಎದುರಿಗೆ ಹತ್ತು ಅಡಿಯಷ್ಟು ದೊಡ್ಡ ಬೆಂಕಿ ಉರಿಯುತ್ತಿರಬೇಕು, ಕೈಯಲ್ಲಿ ಗಂಧಕ ಮತ್ತು ರಂಜಕ ಇರಬೇಕು. ಕರೆದವರು ಮಂತ್ರದ ಮೇಲಿನ ಏಕಾಗ್ರತೆ ಕೆಡದಂತೆ ನೋಡಿಕೊಂಡರೆ ಬಂದ ಭೂತ ಒಂದು ಗಂಟೆಯವರೆಗೆ ಮಾತು ಕೇಳುತ್ತದೆ. ಇನ್ನೊಂದು, ಅಗ್ನಿಭೂತಗಳನ್ನು ಆಳುವ ಹಿತ್ತಾಳೆಯ ಅಗ್ಗಿಷ್ಟಿಕೆ. ಎರಡೂಕಾಲು ಕಿಲೋ ತೂಗುವ ಈ ಅಪರೂಪದ ವಸ್ತುವಿನಲ್ಲಿ ಬೆಂಕಿ ಹಾಕಿ ಆಜ್ಞೆಯ ಮಾತು ಹೇಳಿದರೆ ಅದೇ ಮಂತ್ರದ ಫಲ ಸಿಗುತ್ತದೆ, ಮರುದಿನ ಬೆಳಗಾಗುವವರೆಗೆ ಮತ್ತೆ ಬಳಸುವಂತಿಲ್ಲ. ಜಡಿಮಳೆಯಲ್ಲಿ ಅಗ್ಗಿಷ್ಟಿಕೆಯ ಸುತ್ತ ಕೂತು ಕೈ ಕಾಯಿಸಿಕೊಂಡು ಬೆಳೆದವರಿಗೆ ಈ ವಸ್ತುವನ್ನು ವಿವರಿಸಬೇಕಾಗಿಲ್ಲ. 2024ರ ಪರಿಷ್ಕೃತ ನಿಯಮಗಳಲ್ಲಿ ಮಂತ್ರದ ಸ್ವರೂಪವೇ ಬದಲಾಗಿದೆ: ಅಲ್ಲಿ ಬರುವುದು ಕೈಗೆ ಸಿಗದ ಚೇತನ, ಪೂರ್ಣ ಜೀವಿಯಲ್ಲ. ಯಾವ ಪುಸ್ತಕದಿಂದ ಆಡುತ್ತಿದ್ದೀರೆಂದು ಮೊದಲೇ ಮಾತಾಡಿಕೊಳ್ಳಿ.

ಏಕಾಗ್ರತೆ ಮುರಿದರೆ ಅದು ಮಾಯವಾಗುತ್ತದೆಯಲ್ಲವೇ?

ಇಲ್ಲ, ಮತ್ತು ಈ ತಪ್ಪು ತಿಳಿವಳಿಕೆಯಿಂದ ನಮ್ಮದೊಂದು ಇಡೀ ತಂಡ ಅಳಿದುಹೋಗಿದೆ. ಬಹುಪಾಲು ಮಂತ್ರಗಳಲ್ಲಿ ಏಕಾಗ್ರತೆ ಮುರಿದರೆ ಫಲವೂ ಅಳಿಯುತ್ತದೆ. ಇಲ್ಲಿ ಹಾಗಲ್ಲ: ಭೂತ ಉಳಿಯುತ್ತದೆ, ಅಪ್ಪಣೆ ಮಾತ್ರ ತಪ್ಪುತ್ತದೆ, ಅದು ನಿಮ್ಮ ಮೇಲೂ ನಿಮ್ಮವರ ಮೇಲೂ ತಿರುಗಿಬೀಳುತ್ತದೆ. ಕರೆದ ಕ್ಷಣದಿಂದ ಒಂದು ಗಂಟೆ ತುಂಬುವವರೆಗೆ ನೀವಾಗಿ ಕಳಿಸುವಂತಿಲ್ಲ. ನಮ್ಮ ಮಾಂತ್ರಿಕ ಸೇತುವೆಯ ಮೇಲೆ ನಿಂತು ಭೂತವನ್ನು ಶತ್ರುಗಳ ಮೇಲೆ ಬಿಟ್ಟಿದ್ದ. ಎರಡನೆಯ ಸುತ್ತಿನಲ್ಲಿ ಬಂದ ಒಂದು ಸಾಮಾನ್ಯ ಬಾಣ ಅವನ ಏಕಾಗ್ರತೆ ಮುರಿಯಿತು. ‘ಹೋಗಲಿ, ಭೂತ ಹೋಯಿತು ಎಂದುಕೊಳ್ಳೋಣ’ ಎಂದು ಅವನು ಹಾಳೆಯಲ್ಲಿ ಗೀಟು ಹಾಕಿದ. ಅವನು ಗೀಟು ಹಾಕಿದ ಹೊತ್ತಿಗೆ ನಾನು ಪುಸ್ತಕದ ಆ ಸಾಲನ್ನು ಗಟ್ಟಿಯಾಗಿ ಓದಿದೆ. ಸೇತುವೆ ಮರದ್ದಾಗಿತ್ತು.

ಅದರೊಡನೆ ಮಾತನಾಡಬಹುದೇ?

ಬಹುದು. ಅದಕ್ಕೆ ಇಗ್ನನ್ ಭಾಷೆ ಬರುತ್ತದೆ, ಅದು ಆದಿಭಾಷೆಯೊಂದರ ನಾಲ್ಕು ಉಪಭಾಷೆಗಳಲ್ಲಿ ಒಂದು. ಗಾಳಿ, ನೀರು, ಮಣ್ಣಿನ ಜೀವಿಗಳ ಉಪಭಾಷೆ ಬಲ್ಲವರೂ ಅದರೊಡನೆ ವ್ಯವಹರಿಸಬಹುದು. ಕನ್ನಡ ಬಲ್ಲವನು ಅರೆಭಾಷೆಯನ್ನು ತಡವರಿಸುತ್ತ ಹಿಂಬಾಲಿಸುವಂತೆ ಎಂದುಕೊಳ್ಳಿ. ಬುದ್ಧಿಯ ಅಂಕ 6 ಆದ್ದರಿಂದ ತರ್ಕದ ವಾದ ನಡೆಯದು. ಆದರೆ ಅದಕ್ಕೆ ಬೇಕಾದದ್ದು ಎರಡೇ, ಉರಿಯಲು ಏನಾದರೊಂದು ಮತ್ತು ತನ್ನ ಲೋಕಕ್ಕೆ ದಾರಿ. ಈ ಎರಡರಲ್ಲಿ ಒಂದನ್ನು ಕೊಡಬಲ್ಲವರ ಮಾತನ್ನು ಅದು ಕೇಳಬಹುದು. ಒಮ್ಮೆ ಒಬ್ಬಳು ಆಟಗಾರ್ತಿ ಹಾಳುಬಿದ್ದ ಒಂದು ಕಣಜವನ್ನು ಅದಕ್ಕೆ ಬಿಟ್ಟುಕೊಟ್ಟು, ಅದು ತಿಂದು ಮುಗಿಸುವಷ್ಟರಲ್ಲಿ ಉಳಿದ ಊರನ್ನು ಖಾಲಿ ಮಾಡಿಸಿದಳು. ಒಂದು ಪೆಟ್ಟೂ ಹೊಡೆಯದೆ ಗೆದ್ದ ಆ ಸಂಜೆಗೆ ನಾನು, ಭೂತವನ್ನು ಕೊಂದಿದ್ದರೆ ಸಿಗುತ್ತಿದ್ದ ಪೂರ್ಣ 1,800 ಅನುಭವಾಂಕ ಕೊಟ್ಟೆ.

ಕೊಲ್ಲದೆ ಹಿಂದಕ್ಕೆ ಕಳಿಸಲು ಸಾಧ್ಯವೇ?

‘ಬ್ಯಾನಿಶ್‌ಮೆಂಟ್’ ಎಂಬ ನಾಲ್ಕನೆಯ ಮಟ್ಟದ ಮಂತ್ರ ಇದಕ್ಕೆ ಹೇಳಿಮಾಡಿಸಿದ್ದು. ಅದನ್ನು ತಡೆಯಲು ಬೇಕಾದ ವ್ಯಕ್ತಿತ್ವಬಲದಲ್ಲಿ ಅಗ್ನಿಭೂತ ತೀರ ದುರ್ಬಲ, ಅದರ ಅಂಕ 7. ಪರಲೋಕದ ಜೀವಿಯಾದ್ದರಿಂದ ಮಂತ್ರವನ್ನು ಪೂರ್ಣ ಒಂದು ನಿಮಿಷ ಹಿಡಿದರೆ ಮತ್ತೆ ಬರುವುದಿಲ್ಲ, ನಡುವೆ ಏಕಾಗ್ರತೆ ಮುರಿದರೆ ಹೋದ ಜಾಗದಲ್ಲೇ ಮರಳಿ ಬಂದು ನಿಲ್ಲುತ್ತದೆ. ಆ ಹತ್ತು ಸುತ್ತುಗಳ ಕಾಲ ಮಂತ್ರ ಹಿಡಿದವನನ್ನು ಉಳಿದವರು ಕಾಯಬೇಕು.

ಎರಡನೆಯ ಹಂತದ ತಂಡದ ಮುಂದೆ ಇದನ್ನು ತರಬಹುದೇ?

ಕಾದಾಡಲಿಕ್ಕಾದರೆ ಬೇಡ. ಎರಡೂ ಸ್ಪರ್ಶ ತಗುಲಿದರೆ ಸರಾಸರಿ 20 ಅಂಕ, ಆ ಹಂತದ ಮಾಂತ್ರಿಕನಲ್ಲಿ ಅಷ್ಟು ಪ್ರಾಣಾಂಕವೇ ಇರುವುದಿಲ್ಲ. ಅವರಿಗೆ ಮ್ಯಾಗ್ಮಿನ್ ಸಾಕು. ಅದು ಅರ್ಧ ಮಟ್ಟದ ಸವಾಲಿನ ಗಿಡ್ಡ ಬೆಂಕಿಜೀವಿ, ಸಾಯುವಾಗ ಸಿಡಿಯುತ್ತದೆ. ಕಾಡ್ಗಿಚ್ಚಿನಂತೆ ಓಡಿ ಪಾರಾಗಬೇಕಾದ ಅಪಾಯವಾಗಿ ಮಾತ್ರ ಅಗ್ನಿಭೂತವನ್ನು ತರುವುದಾದರೆ ಯಾವ ಹಂತವಾದರೂ ಸರಿ.

ನಾನೇ ಅಗ್ನಿಭೂತವಾಗಬಹುದೇ?

ಚಂದ್ರವರ್ತುಲ ಎಂಬ ಪಂಗಡದ ಡ್ರೂಯಿಡ್ ಆಗಿ ಹತ್ತನೆಯ ಹಂತ ತಲುಪಿದರೆ, ರೂಪಾಂತರದ ಎರಡು ಅವಕಾಶಗಳನ್ನು ಒಟ್ಟಿಗೆ ಖರ್ಚು ಮಾಡಿ ಆಗಬಹುದು. ನಿಮ್ಮವರಿಂದ ಸ್ವಲ್ಪ ದೂರ ನಿಲ್ಲಿ.

ಕೊಡಗಿನಂಥ ನಾಡಿನಲ್ಲಿ ಅದನ್ನು ಎಲ್ಲಿ ಇಡಬೇಕು, ಯಾವ ಕಾಲದಲ್ಲಿ?

ನಮ್ಮ ಕಥೆಯ ನಾಡಿಗೆ ಹೆಸರು ಬೇರೆ, ಮಣ್ಣು ಮಾತ್ರ ಇಲ್ಲಿಯದೇ. ಬೆಂಕಿಯ ದೃಷ್ಟಿಯಿಂದ ಈ ಜಿಲ್ಲೆ ಒಂದಲ್ಲ, ಮೂರು. ಪಡುವಣ ಇಳಿಜಾರಿನ ನಿತ್ಯಹಸಿರು ಕಾಡು ಬೇಸಗೆಯಲ್ಲೂ ತೇವ ಹಿಡಿದುಕೊಂಡಿರುತ್ತದೆ, ಅಲ್ಲಿ ಅಗ್ನಿಭೂತ ಒಂಟಿ, ತಾನು ಉರಿಯುತ್ತದೆಯೇ ಹೊರತು ಸುತ್ತಲನ್ನು ಹೊತ್ತಿಸಲು ಹೆಣಗುತ್ತದೆ. ಬ್ರಹ್ಮಗಿರಿ, ತಡಿಯಂಡಮೋಳ್, ಪುಷ್ಪಗಿರಿಯ ನೆತ್ತಿಯ ಹುಲ್ಲುಗಾವಲು ಫೆಬ್ರವರಿಯ ಹೊತ್ತಿಗೆ ಒಣಗಿ ನಿಲ್ಲುತ್ತದೆ, ಅಲ್ಲಿ ಒಂದು ಹೆಜ್ಜೆಗೆ ಒಂದು ಬೆಂಕಿ. ಮೂಡಣದ ತಿತಿಮತಿ, ನಾಗರಹೊಳೆಯ ಕಡೆಯ ಎಲೆಯುದುರುವ ಕಾಡಿನಲ್ಲಿ ತೇಗದ ಒಣಗಿದೆಲೆ, ಹೂಬಿಟ್ಟು ಸತ್ತ ಬಿದಿರಿನ ಮೆಳೆ, ನಡುವೆ ಹಬ್ಬಿದ ಲಂಟಾನ ಇವೆಲ್ಲ ಸೇರಿ ಅದಕ್ಕೆ ಹಬ್ಬದ ಅಡುಗೆ. ಬೇಸಗೆಗೆ ಮುಂಚೆ ಅರಣ್ಯ ಸಿಬ್ಬಂದಿ ಅಲ್ಲಿ ಬೆಂಕಿರೇಖೆ ಎಳೆದು ಪಟ್ಟಿಪಟ್ಟಿಯಾಗಿ ನೆಲ ಬರಿದು ಮಾಡುವುದನ್ನು ನೋಡಿದವರಿಗೆ ಆಟದ ಭೂಪಟದಲ್ಲಿ ಏನು ಬರೆಯಬೇಕೆಂದು ಹೇಳಿಕೊಡಬೇಕಾಗಿಲ್ಲ.

ನನ್ನ ಆಯ್ಕೆ ಮಾರ್ಚ್ ತಿಂಗಳು, ಹೂಮಳೆಗೆ ಕಾಯುತ್ತಿರುವ ಕಾಫಿ ತೋಟ. ಮೊಗ್ಗು ಕಟ್ಟಿದೆ, ಮಳೆ ಬಂದಿಲ್ಲ, ಕೆರೆಯಲ್ಲಿ ಉಳಿದಿರುವ ನೀರು ಅಷ್ಟರಲ್ಲೇ ಇದೆ. ಅದನ್ನು ಹೂವಿಗೆ ಬಿಡಬೇಕೋ ಭೂತದ ಮೇಲೆ ಎರಚಬೇಕೋ? ಬೆಂಕಿಯಿಂದ ಮನೆ ಉಳಿದು ಬೆಳೆ ಹೋದರೆ ತೋಟದ ಯಜಮಾನ ತಂಡಕ್ಕೆ ಹಣ ಕೊಡುತ್ತಾನೆಯೇ? 102 ಪ್ರಾಣಾಂಕಕ್ಕಿಂತ ಈ ಪ್ರಶ್ನೆಯೇ ಸಂಜೆಯನ್ನು ನಡೆಸುತ್ತದೆ.

ಬೆಂಕಿಯ ಇತರ ಜೀವಿಗಳು ಯಾವುವು?

ಸಾಲಮಾಂಡರ್, ಹಾವಿನ ಸೊಂಟದ ಕಮ್ಮಾರ, ಮಟ್ಟ 5. ಆಜರ್, ಲೋಹದ ಮೈಯ ಕುಬ್ಜ, ಮಟ್ಟ 2. ಎಫ್ರೀತಿ, ಅಗ್ನಿಲೋಕದ ಹಿತ್ತಾಳೆ ನಗರದಲ್ಲಿ ಆಳುವ ಗರ್ವಿಷ್ಠ, ಮಟ್ಟ 11. ಇವಕ್ಕೆಲ್ಲ ಬುದ್ಧಿಯೂ ಸ್ವಾರ್ಥವೂ ಇರುವುದರಿಂದ ಕಥೆಯ ಖಳರಾಗಿ ಒದಗುತ್ತವೆ, ಅಗ್ನಿಭೂತ ಒದಗುವುದಿಲ್ಲ.

ಅಗ್ನಿಭೂತ ಅಳಿದ ಮೇಲೆ ಅದು ಹೊತ್ತಿಸಿದ ಬೆಂಕಿ ಏನಾಗುತ್ತದೆ?

ಉರಿಯುತ್ತಲೇ ಇರುತ್ತದೆ. ಹುಲ್ಲಿಗೂ ಮಾಡಿಗೂ ಹತ್ತಿದ್ದು ಸಾಧಾರಣ ಬೆಂಕಿ, ಹಚ್ಚಿದವರು ಇದ್ದರೂ ಇಲ್ಲದಿದ್ದರೂ ಅದಕ್ಕೆ ಒಂದೇ. ಅದು ಹರಡುವ ಬಗೆಗೆ ನಿಯಮಪುಸ್ತಕದಲ್ಲಿ ಹೆಚ್ಚೇನೂ ಇಲ್ಲವಾದ್ದರಿಂದ ನಾವು ಮಾಡಿಕೊಂಡ ಪದ್ಧತಿ ಇದು: ಒಣಹುಲ್ಲಿನಲ್ಲಿ ಉರಿಯುವ ಪ್ರತಿ ಐದಡಿ ಚೌಕಕ್ಕೂ ಸುತ್ತಿಗೊಮ್ಮೆ ಆರು ಮುಖದ ದಾಳ ಉರುಳಿಸುತ್ತೇವೆ. 5 ಅಥವಾ 6 ಬಿದ್ದರೆ ಪಕ್ಕದ ಚೌಕಕ್ಕೆ ಹರಡುತ್ತದೆ. ಬೆಂಕಿ ಗುಡ್ಡ ಹತ್ತುವಾಗ ಬೇಗ ಓಡುವುದರಿಂದ ಏರಿನ ಕಡೆಗೆ 3 ಬಿದ್ದರೂ ಸಾಕು, ಇಳಿಜಾರಿನ ಕಡೆಗೆ 6 ಮಾತ್ರ. ಹತ್ತು ಅಡಿ ಅಗಲದ ಬೆಂಕಿರೇಖೆಯನ್ನು ದಾಟುವುದಿಲ್ಲ, ಗಾಳಿಯಿದ್ದರೆ ದಾಟಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾಳವನ್ನು ಉರುಳಿಸುವುದೇ ಇಲ್ಲ.